ಹಾಡು ಯಾರದು, ಧಾಟಿ ಯಾರದು?

2025ನೆಯ ಇಸವಿಯ ನವೆಂಬರ 1ನೆಯ ತಾರೀಖಿನಂದು ಕನ್ನಡ ನಾಡೆಲ್ಲವೂ ರಾಜ್ಯೋತ್ಸವದ ಸಡಗರದಲ್ಲಿದ್ದಾಗ, ದೂರದ ರೋಮ ಪಟ್ಟಣದಲ್ಲಿ ಬೇರೊಂದು ಸಮಾರಂಭವು ನಡೆಯಿತು. ಕ್ಯಾಥೊಲಿಕ ಕ್ರೈಸ್ತರ ಜಗದ್ಗುರುಗಳಾದ ಪೋಪ್ 14ನೆಯ ಲಿಯೋ ಅವರು, 1890ರಲ್ಲಿ ತೀರಿಕೊಂಡ ಜಾನ್ ಹೆನ್ರಿ ನ್ಯೂಮನ್ ಎಂಬ ಆಂಗ್ಲ ಪಂಡಿತರಿಗೆ ತಮ್ಮ ಧರ್ಮಸಭೆಯ ಆಚಾರ್ಯ ಪದವಿಯನ್ನು ಸಾರಿದರು. 2019ರಲ್ಲಿಯೇ ಇವರನ್ನು ಸಂತರೆಂದು ಆ ಧರ್ಮಸಭೆಯು ಒಪ್ಪಿಕೊಂಡಿತ್ತು. ಈ ವಾರ್ತೆಗೂ ನಮ್ಮ ನಾಡಹಬ್ಬಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಕನ್ನಡ ಸಾಲೆಗಳಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಕೈಮುಗಿದು ಹಾಡಿದ ‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯ ಮೂಲವು ಈ ನ್ಯೂಮನ್ನರ ಇಂಗ್ಲಿಶ ಗೀತವೇ ಆಗಿದೆ. ಅದನ್ನು ಕನ್ನಡಕ್ಕೆ ತಂದವರು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು. ನಮ್ಮ ರಾಜ್ಯೋತ್ಸವದ ದಿನವೇ ಮೂಲ ಕವಿಗೆ ಅವರ ಮತದವರು ದೊಡ್ಡ ಗೌರವವನ್ನು ಸಲ್ಲಿಸಿದ್ದು ಕಾಕತಾಳೀಯವಾದರೂ, ಅದು ಒಂದು ವಿಚಾರಕ್ಕೆ ಎಡೆಮಾಡಿಕೊಟ್ಟಿದೆ.

ಆ ವಿಚಾರವನ್ನು ನಮ್ಮ ಮುಂದೆ ಇಟ್ಟವರು ಚಿಕ್ಕೇರೂರಿನ ನಮ್ಮ ವಾಚಕರೊಬ್ಬರು. ಅವರ ಕಾಗದದ ತಾತ್ಪರ್ಯವಿಷ್ಟು: “ರೋಮಿನ ವಾರ್ತೆಯನ್ನು ಓದಿದ ಮೇಲೆಯೇ ಈ ಹಾಡು ಒಬ್ಬ ಪಾದ್ರಿಯದೆಂಬದು ನಮಗೆ ತಿಳಿಯಿತು. ನಮ್ಮ ಕಟ್ಟೆಯ ಮೇಲೆ ಇದರದೇ ಚರ್ಚೆ. ಇಷ್ಟು ದಿವಸ ನಮ್ಮ ಮಕ್ಕಳ ಬಾಯಿಂದ ಪರಮತದ ಸ್ತೋತ್ರವನ್ನು ಹಾಡಿಸಿದಂತಾಯಿತಲ್ಲ. ಸರ್ವಜ್ಞನ ನೆರೆಹೊರೆಯವರಾದ ನಮಗೆ, ಕನಕದಾಸರೂ ಶರೀಫ ಸಾಹೇಬರೂ ಹುಟ್ಟಿದ ಸೀಮೆಯವರಾದ ನಮಗೆ, ಹಾಡಿನ ಬಡತನ ಬಂದಿದೆಯೇ? ದಿಲ್ಲಿಯ ಸರಕಾರವು ಸೈನ್ಯದ ವಾದ್ಯಮೇಳದಿಂದ ಇಂಗ್ಲಿಶ ಸ್ತೋತ್ರವನ್ನು ಕೈಬಿಟ್ಟಂತೆ ನಾವೂ ಇದನ್ನು ಸಾಲೆಯ ಪ್ರಾರ್ಥನೆಯಿಂದ ಕೈಬಿಡಬೇಕೆಂದು ಕೆಲವರು ಅನ್ನುತ್ತಾರೆ. ತಮ್ಮ ಅಭಿಪ್ರಾಯವೇನು?”

ಪ್ರಶ್ನೆಯು ಪ್ರಾಮಾಣಿಕವಾದುದು, ತಾತ್ಸಾರದಿಂದ ತಳ್ಳಿಹಾಕತಕ್ಕದ್ದಲ್ಲ. ಸ್ವದೇಶಾಭಿಮಾನವನ್ನೇ ಉಸಿರಾಗಿಸಿಕೊಂಡ ಪತ್ರಿಕೆಯೊಂದು ಇದಕ್ಕೆ ನೇರವಾದ ಉತ್ತರವನ್ನು ಕೊಡಬೇಕಾದದ್ದು ಕರ್ತವ್ಯವಾಗಿದೆ. ಉತ್ತರ ಕೊಡುವ ಮೊದಲು ಹಾಡಿನ ವಂಶಾವಳಿಯನ್ನು ನೋಡುವದು ಅವಶ್ಯ. ಹಾಡಿಗೆ ಒಬ್ಬನೇ ತಂದೆಯಿರುವದಿಲ್ಲ. ಮಾತು ಕಟ್ಟಿದವನೊಬ್ಬ, ಧಾಟಿ ಕೂಡಿಸಿದವನೊಬ್ಬ, ಬೇರೆ ನುಡಿಗೆ ತಂದವನೊಬ್ಬ, ಬಾಯಿಂದ ಬಾಯಿಗೆ ದಾಟಿಸಿದವರು ಸಾವಿರ ಜನ. ಇವರೊಳಗೆ ಒಬ್ಬನನ್ನು ಮಾತ್ರ ಹಿಡಿದು, ಅವನ ಮತವನ್ನು ನೋಡಿ, ಹಾಡನ್ನು ಒಳಗಿಡಬೇಕೋ ಹೊರಗಿಡಬೇಕೋ ಎಂದು ತೀರ್ಮಾನಿಸುವದು ಅವಸರದ ನ್ಯಾಯ.

1833ರಲ್ಲಿ ನ್ಯೂಮನ್ನರಿಗೆ ವಯಸ್ಸು 32. ಇಟಲಿಯ ಪ್ರವಾಸದಲ್ಲಿದ್ದ ಅವರು ಸಿಸಿಲಿ ದ್ವೀಪದಲ್ಲಿ ವಿಷಮವಾದ ಜ್ವರಕ್ಕೆ ತುತ್ತಾಗಿ ಸಾವಿನ ಬಾಗಿಲವರೆಗೆ ಹೋಗಿ ಬಂದರು. ಊರಿಗೆ ಮರಳುವ ಹಂಬಲವು ಹೆಚ್ಚಾಗಿ, ಹಡಗಿಗಾಗಿ ಪಾಲೆರ್ಮೋದಲ್ಲಿ ವಾರಗಟ್ಟಲೆ ಕಾದು, ಕೊನೆಗೆ ಕಿತ್ತಳೆಹಣ್ಣು ಹೇರಿಕೊಂಡು ಮಾರ್ಸೆಲ್ಸಿಗೆ ಹೊರಟಿದ್ದ ನಾವೆಯೊಂದನ್ನು ಹತ್ತಿದರು. ಬೊನಿಫಾಸಿಯೋ ಜಲಸಂಧಿಯಲ್ಲಿ ಗಾಳಿಯೇ ಬಿದ್ದುಹೋಗಿ ನಾವೆಯು ದಿನಗಟ್ಟಲೆ ಅಲ್ಲಾಡದೆ ನಿಂತಿತು. ಹೀಗೆ ನಡುನೀರಿನಲ್ಲಿ ನಿಂತ ಕಾಲದಲ್ಲಿ, ಜೂನ 16ನೆಯ ತಾರೀಖು, ಅವರು ಈ ಮೂರು ನುಡಿಗಳ ಗೀತವನ್ನು ಬರೆದರು. ದೂರದ ದಾರಿಯೆಲ್ಲವನ್ನೂ ತೋರಿಸೆಂದು ಅದು ಕೇಳುವದಿಲ್ಲ. ಮುಂದಿನ ಒಂದು ಹೆಜ್ಜೆಗೆ ಸಾಲುವಷ್ಟು ಬೆಳಕನ್ನು ಮಾತ್ರ ಬೇಡುತ್ತದೆ. ಅದರಲ್ಲಿ ಕ್ರಿಸ್ತನ ಹೆಸರಿಲ್ಲ. ಯಾವ ಮತದ ಹೆಸರೂ ಇಲ್ಲ. ಮುಂದೊಬ್ಬ ಪಾದ್ರಿಯು ತನ್ನದೇ ನಾಲ್ಕನೆಯ ನುಡಿಯೊಂದನ್ನು ಇದಕ್ಕೆ ಅಂಟಿಸಿದಾಗ ನ್ಯೂಮನ್ನರು ಅದನ್ನು ಮೆಚ್ಚಲಿಲ್ಲ. ಹಾಡನ್ನು ಬರೆದಾಗ ಅವರು ಇಂಗ್ಲೆಂಡಿನ ಪ್ರಾಟೆಸ್ಟಂಟ ಚರ್ಚಿನವರಾಗಿದ್ದರು. 1845ರಲ್ಲಿ ಕ್ಯಾಥೊಲಿಕರಾಗಿ, 1879ರಲ್ಲಿ ಕಾರ್ಡಿನಲ್ ಪದವಿಗೇರಿದರು. ಅವರ ಮತವು ಬದಲಾಯಿತು, ಹಾಡು ಬದಲಾಗಲಿಲ್ಲ. ಎರಡೂ ಪಂಥದವರು ಅದನ್ನು ತಮ್ಮದೆಂದೇ ಹಾಡುತ್ತ ಬಂದರು.

ಆದರೆ ಬರೆದ ಮೇಲೆ ಮೂವತ್ತು ವರ್ಷಗಳವರೆಗೆ ಅದು ಹೆಚ್ಚಾಗಿ ಓದುವ ಕವಿತೆಯೇ ಆಗಿತ್ತು. ಅದನ್ನು ಜನರ ಬಾಯಿಗೆ ಇಟ್ಟವರು ಜಾನ್ ಬ್ಯಾಕಸ್ ಡೈಕ್ಸ್ ಎಂಬವರು. ಇವರ ಹೆಸರನ್ನು ನಮ್ಮಲ್ಲಿ ಕೇಳಿದವರೇ ವಿರಳ. 1823ರಲ್ಲಿ ಹಲ್ ಎಂಬ ಬಂದರಿನಲ್ಲಿ ಹುಟ್ಟಿದ ಡೈಕ್ಸರು ಪಾದ್ರಿಯಾಗಿ, 1849ರಿಂದ ಡರ್ಹಮ್ ಪಟ್ಟಣದ ಮಹಾದೇವಾಲಯದಲ್ಲಿ ಗಾಯನದ ಮುಖ್ಯಸ್ಥರಾಗಿದ್ದು, 1862ರಿಂದ ಅದೇ ಪಟ್ಟಣದ ಸೇಂಟ್ ಆಸ್ವಾಲ್ಡ್ ಚರ್ಚಿನ ಗುರುಗಳಾದರು. ಸ್ತೋತ್ರಗಳಿಗೆ 300ಕ್ಕೂ ಮಿಕ್ಕಿ ಧಾಟಿಗಳನ್ನು ಕಟ್ಟಿದರೆಂದು ಲೆಕ್ಕ ಹೇಳುವರು. ಇಂಗ್ಲಿಶ ಬಲ್ಲ ಕ್ರೈಸ್ತರು ಹಾಡುವ ತ್ರಿಯೇಕದೇವನ ಸ್ತೋತ್ರಕ್ಕೂ, ಕಡಲಲ್ಲಿರುವವರ ರಕ್ಷಣೆಗಾಗಿ ನಾವಿಕರು ಹಾಡುವ ಪ್ರಾರ್ಥನೆಗೂ ಇವರವೇ ಧಾಟಿಗಳು. 1865ರಲ್ಲಿ ನ್ಯೂಮನ್ನರ ಗೀತಕ್ಕೆ ಇವರು ಕಟ್ಟಿದ ಧಾಟಿಗೆ ‘ಲಕ್ಸ್ ಬೆನಿಗ್ನಾ’ ಎಂದು ಹೆಸರು. ಲ್ಯಾಟಿನ್ ನುಡಿಯಲ್ಲಿ ಕೃಪೆಯುಳ್ಳ ಬೆಳಕು ಎಂದರ್ಥ. ಲಂಡನ್ನಿನ ಸ್ಟ್ರ್ಯಾಂಡ್ ಎಂಬ ಗದ್ದಲದ ಬೀದಿಯಲ್ಲಿ ನಡೆದು ಹೋಗುತ್ತಿರುವಾಗ ಅದು ಅವರಿಗೆ ಹೊಳೆಯಿತೆಂಬ ಕಥೆಯುಂಟು. 1868ರಲ್ಲಿ ಇಂಗ್ಲೆಂಡಿನ ಬಹು ಪ್ರಚಾರದ ಸ್ತೋತ್ರಸಂಗ್ರಹವೊಂದರ ಪುರವಣಿಯಲ್ಲಿ ಅದು ಸೇರಿತು. ಅಲ್ಲಿಂದ ಮುಂದೆ ಹಾಡಿಗೆ ರೆಕ್ಕೆ ಬಂದವು. ತಮ್ಮ ಹಾಡಿನ ಕೀರ್ತಿಯನ್ನು ಯಾರೋ ಹೊಗಳಿದಾಗ, ಅದು ಮಾತಿನಿಂದ ಬಂದ ಕೀರ್ತಿಯಲ್ಲ, ಧಾಟಿಯಿಂದ ಬಂದುದೆಂದು ಸ್ವತಃ ನ್ಯೂಮನ್ನರೇ ಒಪ್ಪಿಕೊಂಡಿದ್ದರು. ಕವಿಯು ಗಾಯಕನಿಗೆ ಹೀಗೆ ಸಾಲ ಒಪ್ಪಿಕೊಳ್ಳುವದು ಎಲ್ಲ ದೇಶಗಳಲ್ಲಿಯೂ ಅಪರೂಪವೇ.

ಡೈಕ್ಸರ ಕೊನೆಯ ದಿನಗಳು ಸುಖದವುಗಳಲ್ಲ. ಪೂಜಾವಿಧಿಯಲ್ಲಿ ಹಳೆಯ ಸಂಪ್ರದಾಯದ ಕಡೆಗೆ ಒಲಿದಿದ್ದ ಅವರಿಗೂ ಅಲ್ಲಿಯ ಬಿಶಪ್ಪರಿಗೂ ವಿರಸ ಬೆಳೆದು, ತಮಗೆ ಸಹಾಯಕ ಗುರುವೊಬ್ಬನು ಬೇಕೆಂಬ ಅವರ ಕೋರಿಕೆಯು ನಡೆಯಲಿಲ್ಲ. ಮೇಲಿನ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಪ್ರಯೋಜನವಾಗಲಿಲ್ಲ. ದೊಡ್ಡ ಸಭೆಯ ಭಾರವನ್ನು ಒಬ್ಬರೇ ಹೊತ್ತು ದೇಹ ಮನಸ್ಸುಗಳೆರಡೂ ಕುಸಿದು, 1876ರ ಜನವರಿ 22ರಂದು ತಮ್ಮ 52ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಧಾಟಿಗಳನ್ನು ಹಾಡಿದ ಜನರೇ ಕೂಡಿ ಅವರ ಹೆಂಡಿರು ಮಕ್ಕಳಿಗಾಗಿ ನಿಧಿಯೊಂದನ್ನು ಎತ್ತಿದರು. ಮುಂದಿನ ತಲೆಮಾರಿನ ಸಂಗೀತ ಪಂಡಿತರು ಆ ಕಾಲದ ಧಾಟಿಗಳಲ್ಲಿ ಭಾವುಕತೆ ಅತಿಯಾಯಿತೆಂದು ಮೂಗು ಮುರಿದದ್ದೂ ಉಂಟು. ಇದೇ ಗೀತಕ್ಕೆ ಪರ್ಡೇ ಎಂಬವರ ಧಾಟಿಯೂ, ಸಲಿವನ್ ಎಂಬ ಪ್ರಖ್ಯಾತ ಸಂಗೀತಗಾರರ ಧಾಟಿಯೂ, 20ನೆಯ ಶತಮಾನದಲ್ಲಿ ಹ್ಯಾರಿಸ್ ಎಂಬವರ ಧಾಟಿಯೂ ಬಳಕೆಯಲ್ಲಿವೆ. ಒಂದು ಚರ್ಚಿನವರು ಒಂದನ್ನು ಹಾಡಿದರೆ ಇನ್ನೊಂದು ಚರ್ಚಿನವರು ಇನ್ನೊಂದನ್ನು ಹಾಡುತ್ತಾರೆ.

ಪಂಡಿತರು ಏನೇ ಅನ್ನಲಿ, ಹಾಡಿನ ಪರೀಕ್ಷೆಯು ನಡೆಯುವದು ಸಂಗೀತದ ಸಭೆಯಲ್ಲಲ್ಲ, ಕಷ್ಟದ ಹೊತ್ತಿನಲ್ಲಿ. 1909ರ ಫೆಬ್ರವರಿ 16ರಂದು ಡೈಕ್ಸರ ಅದೇ ಡರ್ಹಮ್ ಪ್ರಾಂತದ ವೆಸ್ಟ್ ಸ್ಟ್ಯಾನ್ಲಿ ಎಂಬ ಕಲ್ಲಿದ್ದಲಿನ ಗಣಿಯಲ್ಲಿ ಸ್ಫೋಟವಾಗಿ 168 ಜನ ಕೂಲಿಕಾರರು, ಅವರಲ್ಲಿ ಹಸುಮಕ್ಕಳಂಥ ಹುಡುಗರೂ ಕೂಡ, ಮಣ್ಣುಪಾಲಾದರು. ಬದುಕುಳಿದು ಒಳಗೆ ಸಿಕ್ಕಿಕೊಂಡಿದ್ದ ಕೆಲವರು ದಿಕ್ಕು ಕಾಣದ ಕತ್ತಲೆಯಲ್ಲಿ ಬಿಡುಗಡೆಯ ದಾರಿಯನ್ನು ಕಾಯುತ್ತ ಹಾಡಿದ್ದು ಇದೇ ಹಾಡನ್ನು. ಬೆಳಕನ್ನು ಬೇಡುವ ಹಾಡಿಗೆ ಇದಕ್ಕಿಂತ ಬೇರೆ ಭಾಷ್ಯ ಬೇಕಾಗಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. 1908ರ ಫೆಬ್ರವರಿ 10ರಂದು ದಕ್ಷಿಣ ಆಫ್ರಿಕೆಯ ಜೋಹಾನ್ಸ್‌ಬರ್ಗ ಪಟ್ಟಣದಲ್ಲಿ ಗಾಂಧೀಜಿಯವರ ಮೇಲೆ ಅವರ ಕಕ್ಷಿಗಾರನೇ ಆಗಿದ್ದ ಮೀರ್ ಆಲಮ್ ಎಂಬ ಪಠಾಣನು ಕೈಮಾಡಿದ ಸಂಗತಿಯನ್ನು ವಾಚಕರು ಬಲ್ಲರು. ಪೆಟ್ಟು ತಿಂದು ಬಿದ್ದ ಗಾಂಧೀಜಿಯವರನ್ನು ಜೋಸೆಫ್ ಡೋಕ್ ಎಂಬ ಪಾದ್ರಿಯು ತನ್ನ ಮನೆಗೆ ಕರೆದೊಯ್ದು ಶುಶ್ರೂಷೆ ಮಾಡಿದರು. ಹಾಸಿಗೆಯಲ್ಲಿದ್ದ ಗಾಂಧೀಜಿಯವರು ಆ ಮನೆಯ ಪುಟ್ಟ ಮಗಳಾದ ಆಲಿವಳಿಗೆ ಹಾಡೆಂದು ಕೇಳಿಕೊಂಡದ್ದು ಇದೇ ಗೀತವನ್ನು. ಆ ದೃಶ್ಯವನ್ನು ಅವರು ತಮ್ಮ ದಕ್ಷಿಣ ಆಫ್ರಿಕೆಯ ಸತ್ಯಾಗ್ರಹದ ಇತಿಹಾಸದಲ್ಲಿ ಬರೆದಿದ್ದಾರೆ. ಹೊಡೆದವನು ಪರಮತದವನು, ಉಪಚರಿಸಿದವನೂ ಪರಮತದವನೇ, ಹೊಡೆದವನ ಮೇಲೆ ಮೊಕದ್ದಮೆ ಬೇಡವೆಂದವರು ಸನಾತನ ಹಿಂದುವೆಂದು ತಮ್ಮನ್ನು ಕರೆದುಕೊಂಡವರು. ಮುಂದೆ ಅವರ ಇಚ್ಛೆಯಂತೆ ನರಸಿಂಹರಾವ್ ದಿವೇಟಿಯಾ ಅವರು ಈ ಗೀತವನ್ನು ಗುಜರಾತಿಗೆ ತಂದರು; ಆಶ್ರಮದ ಪ್ರಾರ್ಥನೆಯಲ್ಲಿ ಅದು ಸೇರಿತು. ಸ್ವದೇಶಿಯ ವ್ರತವನ್ನು ಇಡಿಯ ದೇಶಕ್ಕೆ ಕಲಿಸಿದ ಮನುಷ್ಯನು, ಪರದೇಶದ ಬಟ್ಟೆಯನ್ನು ಬೆಂಕಿಗೆ ಹಾಕಿಸಿದ ಮನುಷ್ಯನು, ಪರದೇಶದ ಈ ಪ್ರಾರ್ಥನೆಯನ್ನು ಎದೆಗೊತ್ತಿಕೊಂಡನು. ಇದರಲ್ಲಿ ವಿರೋಧವನ್ನು ಕಾಣುವವರು ಸ್ವದೇಶಿಯ ಅರ್ಥವನ್ನು ಇನ್ನೊಮ್ಮೆ ಆಲೋಚಿಸತಕ್ಕದ್ದು. ಮ್ಯಾಂಚೆಸ್ಟರಿನ ಬಟ್ಟೆಯು ನಮ್ಮ ನೇಕಾರನ ಮಗ್ಗವನ್ನು ನಿಲ್ಲಿಸಿತು; ಆದುದರಿಂದ ಅದನ್ನು ತೊರೆಯಬೇಕಾಯಿತು. ನ್ಯೂಮನ್ನರ ಹಾಡು ಯಾವ ಕನ್ನಡಿಗನ ಹಾಡನ್ನೂ ನಿಲ್ಲಿಸಲಿಲ್ಲ.

ನಿಲ್ಲಿಸುವದಿರಲಿ, ಹೊಸ ಹಾಡುಗಳಿಗೆ ಅದು ದಾರಿ ಮಾಡಿತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ನಿಂತು ಕನ್ನಡ ಮಾತು ತಲೆಯೆತ್ತುವ ಬಗೆ ಯಾವದೆಂದು ಮಾತನಾಡಿದ ಶ್ರೀಕಂಠಯ್ಯನವರು, 1920ರ ದಶಕದಲ್ಲಿ ಹೊರಬಂದ ತಮ್ಮ ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಲ್ಲಿ ಆ ಬಗೆಯನ್ನು ಮಾಡಿ ತೋರಿಸಿದರು. ಅವರು ಇಂಗ್ಲಿಶದ ಛಂದಸ್ಸನ್ನು ಹಾಗೆಯೇ ಎತ್ತಿ ತರಲಿಲ್ಲ; ನಮ್ಮ ಮಾತ್ರಾಗಣಗಳನ್ನು ಹೊಸ ರೀತಿಯಿಂದ ಕೂಡಿಸಿ, ಕನ್ನಡದ ಕಿವಿಗೆ ಹೊಂದುವ ಹೊಸ ಓಟವನ್ನು ಕೊಟ್ಟರು. ನವೋದಯದ ಕವಿಗಳು ಆ ದಾರಿಯಲ್ಲಿ ನಡೆದು ಕಟ್ಟಿದ ಸಂಪತ್ತೇ ಇಂದು ನಮ್ಮ ಅಭಿಮಾನದ ಸಾಹಿತ್ಯವಾಗಿದೆ. ಶ್ರೀಕಂಠಯ್ಯನವರು ಮೈಸೂರ ಸೀಮೆಯಲ್ಲಿ ಹುಟ್ಟಿದರೂ, ಕೊನೆಯ ದಿನಗಳನ್ನು ಧಾರವಾಡದಲ್ಲಿ ಕಾಲೇಜಿನ ಪ್ರಾಚಾರ್ಯರಾಗಿ ಕಳೆದು, 1946ರ ಜನವರಿ 5ರಂದು ಅಲ್ಲಿಯೇ ದೇಹವಿಟ್ಟರು. ಅವರ ‘ಬೆಳಕು’ ಹಡಗಿನ ಮೇಲೆ ಬಂದ ಬೆಳಕಾಗಿ ಕನ್ನಡಿಗನಿಗೆ ತೋರುವದಿಲ್ಲ. ಕತ್ತಲೆಯಿಂದ ಬೆಳಕಿಗೆ ಒಯ್ಯೆಂದು ಬೇಡುವ ಉಪನಿಷತ್ತಿನ ಮಂತ್ರವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ, ಆ ಬೇಡಿಕೆಯೇ ಬೇರೊಂದು ಕಡಲನ್ನು ಸುತ್ತಿ ಮನೆಗೆ ಮರಳಿದಂತೆ ತೋರುತ್ತದೆ. ಧಾಟಿಯ ಮಾತಂತೂ ಇನ್ನೂ ಸ್ಪಷ್ಟ. ನಮ್ಮ ಸಾಲೆಗಳಲ್ಲಿ, ಸುಗಮ ಸಂಗೀತದ ಸಭೆಗಳಲ್ಲಿ, ಈ ಹಾಡನ್ನು ನಮ್ಮದೇ ರಾಗಗಳಲ್ಲಿ ಹಾಡುತ್ತ ಬಂದಿದ್ದಾರೆ. ಡೈಕ್ಸರ ಧಾಟಿಯನ್ನು ಕೇಳದೆಯೇ ಅದನ್ನು ಹಾಡಿದ ಕನ್ನಡಿಗರೇ ಬಹು ಜನ.

ಎದುರು ಪಕ್ಷದ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಅನ್ನುವದಿಲ್ಲ. 19ನೆಯ ಶತಮಾನದ ಮಿಶನರಿಗಳು ಹಾಡನ್ನು ಮತಪ್ರಚಾರದ ಸಾಧನವಾಗಿ ಬಳಸಿದರೆಂಬದು ನಿಜ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಮುಂದೆ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಠಾಣ್ಯ ಹೂಡಿದ್ದು ಕನ್ನಡದ ಸೇವೆಗೆಂದಲ್ಲ. ತಮ್ಮ ಮತದ ಸೇವೆಗೆಂದು. ಆದರೆ ಅದೇ ಮಿಶನ್ನಿನಿಂದ 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ಲರು ಏನು ಮಾಡಿದರೆಂಬದನ್ನು ನೋಡಿರಿ. ಏಸುವಿನ ಕಥೆಯನ್ನು ಹೇಳುವದಕ್ಕೆ ಜರ್ಮನಿಯ ಧಾಟಿಯನ್ನು ಹೇರದೆ, 1862ರ ತಮ್ಮ ‘ಕಥಾಮಾಲೆ’ಯಲ್ಲಿ ಈ ದೇಶದ ಛಂದಸ್ಸನ್ನೇ ಹಿಡಿದರು. ಆ ಛಂದಸ್ಸನ್ನು ಕಲಿಯುವದಕ್ಕಾಗಿ ನಾಗವರ್ಮನ ಗ್ರಂಥವನ್ನು ಶೋಧಿಸಿ 1875ರಲ್ಲಿ ಅಚ್ಚು ಹಾಕಿಸಿದರು. ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿದರು. 1894ರಲ್ಲಿ ಮಹಾಕೋಶವನ್ನು ಕೊಟ್ಟರು. ಮತದ ಸೇವೆಗೆಂದು ಬಂದವರನ್ನು ಕನ್ನಡವು ತನ್ನ ಸೇವೆಗೆ ಹಚ್ಚಿಕೊಂಡಿತು. ಬಲವುಳ್ಳ ನುಡಿಯ ಲಕ್ಷಣವೇ ಇದು. ಕಿಟೆಲ್ಲರು ಪರದೇಶದ ಕಥೆಗೆ ಕನ್ನಡದ ಛಂದಸ್ಸನ್ನು ತೊಡಿಸಿದರು. ಶ್ರೀಕಂಠಯ್ಯನವರು ಪರದೇಶದ ಪ್ರಾರ್ಥನೆಗೆ ಕನ್ನಡದ ಉಸಿರನ್ನು ಕೊಟ್ಟರು. ಎರಡರಲ್ಲಿಯೂ ಗೆದ್ದದ್ದು ಕನ್ನಡವೇ.

ಇನ್ನು ದಿಲ್ಲಿಯ ದೃಷ್ಟಾಂತ. ಗಣರಾಜ್ಯೋತ್ಸವದ ಕೊನೆಗೆ ಜನವರಿ 29ರಂದು ವಿಜಯ ಚೌಕದಲ್ಲಿ ಸೈನ್ಯದ ವಾದ್ಯಮೇಳಗಳು ನುಡಿಸುವ ಸಮಾರಂಭದಲ್ಲಿ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ಇನ್ನೊಂದು ಇಂಗ್ಲಿಶ ಸ್ತೋತ್ರವನ್ನು ಬಹು ವರ್ಷಗಳಿಂದ ನುಡಿಸುತ್ತಿದ್ದರು. ಅದನ್ನು ಬರೆದವರು ಹೆನ್ರಿ ಲೈಟ್ ಎಂಬ ಪಾದ್ರಿ. 1861ರಲ್ಲಿ ಧಾಟಿ ಕಟ್ಟಿದವರು ವಿಲಿಯಂ ಮಾಂಕ್. 2022ರಲ್ಲಿ ಅದನ್ನು ಬಿಟ್ಟು, ಕವಿ ಪ್ರದೀಪರ ಮಾತಿಗೆ ಸಿ. ರಾಮಚಂದ್ರರು ಧಾಟಿ ಕೂಡಿಸಿದ, 1963ರಲ್ಲಿ ಲತಾ ಮಂಗೇಶಕರರು ಹಾಡಿ ದೇಶವನ್ನೇ ಕಣ್ಣೀರಿಡಿಸಿದ ಹುತಾತ್ಮರ ಗೀತವನ್ನು ಸೇರಿಸಿದರು. ಅಂದು ಪರ ವಿರೋಧವಾಗಿ ಬಹಳ ಮಾತು ನಡೆಯಿತು. ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ರಾಷ್ಟ್ರದ ಸೈನ್ಯವು ರಾಷ್ಟ್ರದ ಧಾಟಿಗಳನ್ನು ನುಡಿಸುವದರಲ್ಲಿ ತಪ್ಪೇನೂ ಇಲ್ಲ; ರಣದಲ್ಲಿ ಬಿದ್ದವರನ್ನು ಅವರ ತಾಯಂದಿರಿಗೆ ತಿಳಿಯುವ ನುಡಿಯಲ್ಲಿ ನೆನೆಯುವದು ಯೋಗ್ಯವೇ. ಆದರೆ ನಮ್ಮದು ತುಂಬಿದೆಯೆಂದು ಪರರದನ್ನು ಬದಿಗಿಡುವದು ಬೇರೆ. ಪರರದೆಂಬ ಭಯದಿಂದ ಹೊರಗೆಸೆಯುವದು ಬೇರೆ. ಮೊದಲನೆಯದು ಸಂಪತ್ತಿನ ಲಕ್ಷಣ, ಎರಡನೆಯದು ಬಡತನದ ಲಕ್ಷಣ. ಮೇಲಾಗಿ ದಿಲ್ಲಿಯಲ್ಲಿ ಬಿಟ್ಟದ್ದು ಇಂಗ್ಲಿಶ ಧಾಟಿಯನ್ನು. ಚಿಕ್ಕೇರೂರಿನಲ್ಲಿ ಬಿಡಬೇಕೆನ್ನುವದು ಕನ್ನಡ ಹಾಡನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಕ್ಕೆ ಬರುವದಿಲ್ಲ. ನಮ್ಮ ರಾಷ್ಟ್ರಗೀತೆಯ ಧಾಟಿಗೆ 1919ರಲ್ಲಿ ಮದನಪಲ್ಲಿಯಲ್ಲಿ ಸ್ವರಲಿಪಿಯನ್ನು ಕೂಡಿಸಲು ರವೀಂದ್ರನಾಥರಿಗೆ ನೆರವಾದವರು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಎಂಬ ಮಹಿಳೆ. ಅಷ್ಟರಿಂದ ಅದು ಐರ್ಲೆಂಡಿನ ಗೀತೆಯಾಯಿತೇ?

ಆದುದರಿಂದ ಚಿಕ್ಕೇರೂರಿನ ಗೆಳೆಯರಿಗೆ ನಮ್ಮ ಮೊದಲನೆಯ ಉತ್ತರ: ಹಾಡನ್ನು ಬಿಡಬೇಡಿರಿ. ಆದರೆ ಇಷ್ಟಕ್ಕೇ ನಿಂತರೆ ನಮ್ಮ ಉತ್ತರ ಅರ್ಧವಾದೀತು. ಅವರ ಕಾಗದದಲ್ಲಿ ಇನ್ನೊಂದು ಮಾತಿದೆ. ಅದು ನಮ್ಮನ್ನು ಚುಚ್ಚುತ್ತದೆ. ಕನಕದಾಸರ, ಶರೀಫರ ಸೀಮೆಗೆ ಹಾಡಿನ ಬಡತನವೇ ಎಂದು ಅವರು ಕೇಳಿದ್ದಾರೆ. ಹಾಡಿನ ಬಡತನವಿಲ್ಲ, ಧಾಟಿಯನ್ನು ಕಾಯ್ದುಕೊಳ್ಳುವ ಬುದ್ಧಿಯ ಬಡತನವಿದೆ.

ಕಾಲವನ್ನು ಹೋಲಿಸಿ ನೋಡಿರಿ. ಶಿಶುನಾಳ ಶರೀಫ ಸಾಹೇಬರು ಹುಟ್ಟಿದ್ದು 1819ರಲ್ಲಿ, ತೀರಿದ್ದು 1889ರಲ್ಲಿ. ಡೈಕ್ಸರು 1823ರಿಂದ 1876ರವರೆಗೆ ಬದುಕಿದವರು. ಒಬ್ಬರು ಡರ್ಹಮಿನಲ್ಲಿ ಧಾಟಿ ಕಟ್ಟುತ್ತಿದ್ದಾಗ ಇನ್ನೊಬ್ಬರು ಶಿಗ್ಗಾವಿ ತಾಲೂಕಿನಲ್ಲಿ ಗುರು ಗೋವಿಂದಭಟ್ಟರ ಕೃಪೆಯಿಂದ ತತ್ತ್ವಪದಗಳನ್ನು ಹಾಡುತ್ತಿದ್ದರು. ಆ ಆಂಗ್ಲ ಪಾದ್ರಿಯು 1865ರಲ್ಲಿ ಕಟ್ಟಿದ ಧಾಟಿಯನ್ನು, ಅದರ ಒಂದು ಸ್ವರವೂ ತಪ್ಪದಂತೆ, ಇಂದು ಯಾರಾದರೂ ಪುಸ್ತಕ ತೆರೆದು ನುಡಿಸಬಹುದು. ಕಟ್ಟಿದವರ ಹೆಸರೂ ವರ್ಷವೂ ಅದರ ತಲೆಯ ಮೇಲೆ ಅಚ್ಚಾಗಿವೆ. ಶರೀಫರು ಸ್ವತಃ ಯಾವ ಧಾಟಿಯಲ್ಲಿ ಹಾಡಿದರು? ಕನಕದಾಸರು ಕಾಗಿನೆಲೆಯಲ್ಲಿ ಯಾವ ಧಾಟಿಯಲ್ಲಿ ಹಾಡಿದರು? ಮಾತು ಉಳಿದಿದೆ, ಧಾಟಿಯು ಬಾಯಿಂದ ಬಾಯಿಗೆ ಬರುತ್ತ ಅಷ್ಟಿಷ್ಟು ಉಳಿದು, ಬಹುಪಾಲು ಕಳೆದುಹೋಗಿದೆ. ದಾಸರ ಪದಗಳಿಗೆ ಇಂದು ಸಭೆಗಳಲ್ಲಿ ಕೇಳಿಬರುವ ರಾಗಗಳಲ್ಲಿ ಹೆಚ್ಚಿನವು ಈಚಿನವರು ಕೂಡಿಸಿದವು. ಶರೀಫರ ಪದಗಳನ್ನು ಸಿ. ಅಶ್ವತ್ಥರು ಕಂಚಿನ ಕಂಠದಿಂದ ಹಾಡಿ ಮನೆಮನೆಗೆ ಮುಟ್ಟಿಸಿದರು. ಅದಕ್ಕಾಗಿ ನಾಡು ಅವರಿಗೆ ಋಣಿಯಾಗಿದೆ. ಆದರೆ ಆ ಕೀರ್ತಿಯ ನೆರಳಿನಲ್ಲಿ ಹಳ್ಳಿಯ ಭಜನಿಮೇಳಗಳ ಹಳೆಯ ಧಾಟಿಗಳು ಸದ್ದಿಲ್ಲದೆ ಬಾಡುತ್ತಿವೆ.

ಈಚೆಗೆ ನಾವು ಚಿಕ್ಕೇರೂರಿಗೆ ಹೋಗಿದ್ದಾಗ ಒಂದು ರಾತ್ರಿ ಭಜನೆಗೆ ಕುಳಿತಿದ್ದೆವು. ತಾಳ, ದಮ್ಮಡಿ, ಒಂದು ಹಳೆಯ ಪೇಟಿ, ಬೇರೆ ಆಡಂಬರವಿಲ್ಲ. ಎಂಬತ್ತರ ಗಡಿಯಲ್ಲಿರುವ ಹಿರಿಯರೊಬ್ಬರು ಶರೀಫರ ಪದವೊಂದನ್ನು ನಾವು ಎಂದೂ ಕೇಳದ ಧಾಟಿಯಲ್ಲಿ ಎತ್ತಿದರು. ನಡೆ ನಿಧಾನ, ಏರಿಳಿತ ಕಡಿಮೆ. ಆದರೆ ಮಾತಿನ ಒಳಗಣ ಅರ್ಥವು ಒಂದೊಂದಾಗಿ ಬಿಚ್ಚುತ್ತ ಹೋಯಿತು. ಹಿಂದಿನ ಸಾಲಿನಲ್ಲಿದ್ದ ಹುಡುಗರು ನಡುವೆಯೇ ಕ್ಯಾಸೆಟ್ಟಿನ ಧಾಟಿಗೆ ಎಳೆದರು. ಹಿರಿಯರು ನಕ್ಕು ಸುಮ್ಮನಾದರು. ಭಜನೆ ಮುಗಿದ ಮೇಲೆ ನಾವು ವಿಚಾರಿಸಿದೆವು. “ಇದು ನಮ್ಮ ಅಜ್ಜಾರು ಹೇಳಿಕೊಟ್ಟ ಧಾಟಿ ನೋಡ್ರಿ. ಅವರಿಗೆ ಅವರ ಗುರುಗಳು ಕಲಿಸಿದ್ರಂತ. ಈಗಿನ ಹುಡುಗರಿಗೆ ಇದು ತಪ್ಪು ಅನಸ್ತೈತ್ರಿ,” ಎಂದರು. ಅಜ್ಜನ ಗುರುವೆಂದರೆ ಶರೀಫರ ಕಾಲಕ್ಕೆ ಮುಟ್ಟುವ ಕೊಂಡಿ. ಈ ಧಾಟಿ ಬಲ್ಲವರು ಊರಲ್ಲಿ ಇನ್ನೆಷ್ಟು ಜನರೆಂದು ಕೇಳಿದರೆ, ಅವರು ಕೈಯಾಡಿಸಿ ತಮ್ಮ ಎದೆಯನ್ನೇ ತೋರಿಸಿದರು. ಆ ಎದೆ ನಿಂತ ದಿನ ಧಾಟಿಯೂ ನಿಂತಿತು. ಪಾದ್ರಿಯ ಹಾಡಿನಿಂದ ನಮ್ಮ ಸಂಸ್ಕೃತಿಗೆ ಬಂದ ಅಪಾಯವೇನೆಂದು ಹುಡುಕುತ್ತ ಕುಳಿತ ನಮಗೆ, ನಿಜವಾದ ಹಾನಿಯು ನಮ್ಮ ಕಣ್ಣ ಮುಂದೆಯೇ, ನಮ್ಮ ಔದಾಸೀನ್ಯದಿಂದಲೇ ಆಗುತ್ತಿರುವದು ಕಾಣಲಿಲ್ಲ.

ಧಾಟಿಯ ಬಗ್ಗೆ ನಾವು ಎಚ್ಚತ್ತುಕೊಳ್ಳುವದು ಜಗಳ ಹುಟ್ಟಿದಾಗ ಮಾತ್ರ. 2004ರಲ್ಲಿ ಕುವೆಂಪುರವರ ಗೀತೆಯನ್ನು ನಾಡಗೀತೆಯೆಂದು ಸರಕಾರವು ಸಾರಿತು. ಧಾಟಿಯನ್ನು ಗೊತ್ತುಪಡಿಸಲಿಕ್ಕೆ ಮುಂದೆ 18 ವರ್ಷಗಳು ಹಿಡಿದವು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂಬ ವಾದವು ಇಬ್ಬರೂ ಮಹನೀಯರು ತೀರಿಕೊಂಡ ಮೇಲೆಯೂ ನಡೆಯಿತು. 2022ರ ಸಪ್ಟೆಂಬರದಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳೊಳಗೆ ಹಾಡಬೇಕೆಂದು ಆಜ್ಞೆ ಹೊರಟಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರ ಏಪ್ರಿಲದಲ್ಲಿ ಹೈಕೋರ್ಟು ತಳ್ಳಿಹಾಕಿತು. ನಾಡಗೀತೆಯನ್ನು ನಾಡೆಲ್ಲ ಒಂದೇ ಕಂಠದಿಂದ ಹಾಡಬೇಕಾದುದರಿಂದ ಒಂದು ಧಾಟಿಯನ್ನು ಗೊತ್ತುಪಡಿಸಿದ್ದು ಯುಕ್ತವೇ. ಆ ಪ್ರಕರಣವನ್ನು ಮತ್ತೆ ಕೆದಕುವ ಇಚ್ಛೆ ನಮಗಿಲ್ಲ. ಆದರೆ ಒಂದು ಗೀತೆಯ ಎರಡು ಧಾಟಿಗಳಿಗಾಗಿ ನ್ಯಾಯಾಲಯದವರೆಗೆ ಹೋದ ನಾವು, ಸಾವಿರ ಪದಗಳ ಸಾವಿರ ಧಾಟಿಗಳು ಮಣ್ಣಾಗುತ್ತಿರುವಾಗ ಒಂದು ಅರ್ಜಿಯನ್ನೂ ಬರೆಯದಿರುವದು ಎಂಥ ಅಭಿಮಾನ?

ಆದುದರಿಂದ ನಮ್ಮ ಸೂಚನೆಗಳು ಹೀಗಿವೆ. ಮೊದಲನೆಯದು, ಸಾಲೆಯಲ್ಲಿ ಹಾಡುವ ಪ್ರತಿಯೊಂದು ಹಾಡಿನ ಜೊತೆಗೆ ಅದರ ಕರ್ತೃವಿನ, ಧಾಟಿ ಕೂಡಿಸಿದವರ, ಅನುವಾದವಾಗಿದ್ದರೆ ಮೂಲದವರ ಹೆಸರುಗಳನ್ನು ಮಾಸ್ತರರು ಮಕ್ಕಳಿಗೆ ಹೇಳತಕ್ಕದ್ದು. ‘ಕರುಣಾಳು ಬಾ ಬೆಳಕೆ’ ಹಾಡಿನ ಹಿಂದೆ ಗಾಳಿಯಿಲ್ಲದೆ ನಿಂತ ನಾವೆಯೂ, ಡರ್ಹಮಿನ ಗಣಿಯೂ, ಜೋಹಾನ್ಸ್‌ಬರ್ಗದ ಹಾಸಿಗೆಯೂ, ಧಾರವಾಡದಲ್ಲಿ ಮಡಿದ ಆಚಾರ್ಯರೂ ಇದ್ದಾರೆಂಬದನ್ನು ಮಕ್ಕಳು ತಿಳಿಯಲಿ. ಕಟ್ಟೆಯ ಮೇಲಿನ ಚರ್ಚೆ ಹುಟ್ಟಿದ್ದೇ ಈ ತಿಳಿವಳಿಕೆಯಿಲ್ಲದ್ದರಿಂದ. ತಿಳಿದು ಹಾಡಿದವನಿಗೆ ಹಾಡು ಭಾರವಾಗುವದಿಲ್ಲ.

ಎರಡನೆಯದು, ಅದೇ ಪ್ರಾರ್ಥನೆಯಲ್ಲಿ ವಾರಕ್ಕೊಂದು ದಿನ ಆ ಊರಿನ ಹಳೆಯ ಧಾಟಿಯಲ್ಲಿ ಆ ಸೀಮೆಯ ಪದವೊಂದನ್ನು ಹಾಡಿಸತಕ್ಕದ್ದು; ಕಲಿಸಲಿಕ್ಕೆ ಊರ ಭಜನಿಮೇಳದ ಹಿರಿಯರನ್ನೇ ಮಾನಪೂರ್ವಕವಾಗಿ ಕರೆಸತಕ್ಕದ್ದು. ಇದಕ್ಕೆ ಸರಕಾರದ ಆಜ್ಞೆಯೂ ಬೇಡ, ಅನುದಾನವೂ ಬೇಡ. ಒಂದು ಬಂಡಿ ಮತ್ತು ಒಂದು ನಮಸ್ಕಾರ ಸಾಕು.

ಮೂರನೆಯದು, ಜನಪದ ವಿದ್ಯೆಗಾಗಿಯೇ 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ನಮ್ಮ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳ ಹಳ್ಳಿಹಳ್ಳಿಗೆ ಹೋಗಿ, ಎಪ್ಪತ್ತು ದಾಟಿದ ಹಾಡುಗಾರರ ಕಂಠವನ್ನು ಹಿಡಿದಿಟ್ಟು, ಸ್ವರಲಿಪಿ ಹಾಕಿ, ಹಾಡಿದವರ ಹೆಸರು, ಕಲಿಸಿದವರ ಹೆಸರು, ಊರು, ವರ್ಷ ಇವನ್ನು ಬರೆದು ಪ್ರಕಟಿಸುವ ಭಾರವನ್ನು ಆ ಸಂಸ್ಥೆಯು ಹೊರಬೇಕೆಂದು ನಾವು ಬಿನ್ನವಿಸುತ್ತೇವೆ. ಇಂದು ಪ್ರತಿ ತರುಣನ ಕಿಸೆಯಲ್ಲಿಯೂ ಧ್ವನಿ ಹಿಡಿಯುವ ಯಂತ್ರವಿದೆ. ಡೈಕ್ಸರ ಕಾಲದಲ್ಲಿ ಮಸಿಯೂ ಕಾಗದವೂ ಮಾತ್ರ ಇದ್ದವು. ನಮಗೆ ಸಾಧನದ ಕೊರತೆಯ ನೆವವೂ ಉಳಿದಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಲನವನ್ನು ಅದ್ದೂರಿಯಿಂದ ನೆರವೇರಿಸಿದ ಜಿಲ್ಲೆಯ ಜನರಿಗೆ ಇದು ದೊಡ್ಡ ಕೆಲಸವಲ್ಲ.

ಚಿಕ್ಕೇರೂರಿನ ಗೆಳೆಯರು ನಮ್ಮ ಮಾತನ್ನು ಒಪ್ಪುವರೆಂದು ನಂಬುತ್ತೇವೆ. ಒಪ್ಪದಿದ್ದರೂ ಅವರಿಂದ ಒಂದು ಉಪಕಾರವನ್ನು ಕೇಳುತ್ತೇವೆ: ಪಾದ್ರಿಯ ಹಾಡನ್ನು ಬಿಡಬೇಕೋ ಇಡಬೇಕೋ ಎಂಬ ಚರ್ಚೆಯನ್ನು ನಾಲ್ಕು ದಿನ ಮುಂದಕ್ಕೆ ಹಾಕಿ, ಮೊದಲು ಆ ಹಿರಿಯರ ಮನೆಗೆ ಹೋಗಿ ಅವರ ಧಾಟಿಯನ್ನು ಹಿಡಿದಿಟ್ಟುಕೊಳ್ಳಲಿ. ಚರ್ಚೆಗೆ ನಾಳೆಯೂ ಹೊತ್ತುಂಟು. ಎಂಬತ್ತರ ಹಿರಿಯರ ಕಂಠಕ್ಕೆ ನಾಳೆಯ ಭರವಸೆಯನ್ನು ಯಾರು ಕೊಡಬಲ್ಲರು?